ಕೋಡಿಯ ಮೇಲಿನ ಕಲ್ಲುಗಳು

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಹೊಟ್ಟೆಕಿಚ್ಚಿಗೆ ಹೇಳಿದ ಮಾತಲ್ಲ ಅದು. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರನ್ನೇ ಅವರು ಕಂಡಿರಲಿಲ್ಲ. ಪಿಯುಸಿ ಮುಗಿಸಿ ನಾನು ಕೋಲಾರದ ಕಾಲೇಜಿಗೆ ಅರ್ಜಿ ಹಾಕಿದ ದಿನ, ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಇಳಿಸಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚುತ್ತಾ ಅಪ್ಪನಿಗೆ ಹೇಳಿದರು: “ಓದ್ಲಿ ಬಿಡೋ, ನಾನೇನು ಬೇಡ ಅನ್ನಲ್ಲ. ಆದ್ರೆ ಡಿಗ್ರಿ ಅನ್ನೋದು ನಮ್ಮನೆಗೆ ಆಗ್ಬರೋ ವಸ್ತು ಅಲ್ಲ ಕಣೋ. ಮಧ್ಯದಲ್ಲಿ ಎಲ್ಲೋ ಒಂದ್ ಕಡೆ ನಿಂತೋಗ್ತದೆ. ನೋಡ್ತಿರು.”

ಇವತ್ತು ನಾನು ಪದವೀಧರೆ, ನಮ್ಮ ಮನೆಯಲ್ಲಿ ಮೊದಲನೆಯವಳು. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ದೊಡ್ಡಪ್ಪನ ಮಾತು ಪೂರ್ತಿ ಸುಳ್ಳೂ ಆಗಲಿಲ್ಲ. ಕೊನೆಯ ವರ್ಷದಲ್ಲಿ ನನ್ನ ಓದು ಒಂದು ಕಡೆ ನಿಂತೇಹೋಗಿತ್ತು. ನಿಲ್ಲಿಸಿದ್ದು ಒಂದು ಕಂಪ್ಯೂಟರ್ ಆಟ ಎಂದರೆ ನಮ್ಮೂರಿನಲ್ಲಿ ಈಗಲೂ ನಗುತ್ತಾರೆ.

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಮಾಲೂರಿನ ಹುಡುಗಿ. ಅವಳ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವಳ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ರಾಜರ ಆಟವೊಂದಿತ್ತು. ಒಂದು ರಾಜ್ಯವನ್ನು ಆರಿಸಿಕೊಳ್ಳಬೇಕು. ಕಂದಾಯ ಎತ್ತಬೇಕು, ಸೈನ್ಯ ಕಟ್ಟಬೇಕು, ಒಂದು ಗುಂಡಿ ಒತ್ತಿದರೆ ಒಂದು ವರ್ಷ ಕಳೆಯುತ್ತದೆ. ಮೂಲದಲ್ಲಿ ಅದು ಯೂರೋಪಿನ ರಾಜರ ಆಟ. ಆದರೆ ಅವಳು ಅದಕ್ಕೆ ‘ಮಾಡ್’ ಹಾಕಿಕೊಂಡಿದ್ದಳು. ಮಾಡ್ ಎಂದರೆ ಕಂಪನಿ ಮಾಡಿಟ್ಟ ಆಟಕ್ಕೆ ಆಡುವವರೇ ಸೇರಿ ಹಾಕುವ ಒಗ್ಗರಣೆ. ಸಾರು ಅವರದು, ಒಗ್ಗರಣೆ ಇವರದು, ಪುಕ್ಕಟೆ. ಈ ಒಗ್ಗರಣೆಯಲ್ಲಿ ವಿಜಯನಗರದ ಕಾಲದ ದಕ್ಷಿಣ ದೇಶವಿತ್ತು.

ನಾನು ಇತಿಹಾಸದ ವಿದ್ಯಾರ್ಥಿನಿ. ಮೊದಲು ಹುಡುಕಿದ್ದು ನಮ್ಮ ಮುಳಬಾಗಿಲ ಸೀಮೆಯನ್ನು. ಹಂಪಿಗೆ ಎತ್ತರದ ಗೋಪುರ, ಪೆನುಕೊಂಡೆಗೆ ಕೋಟೆ, ಚಂದ್ರಗಿರಿಗೆ ಅರಮನೆ. ಮುಳಬಾಗಿಲಿಗೆ ಒಂದು ಹೆಬ್ಬಾಗಿಲ ಚಿತ್ರ, ಸುತ್ತಲೂ ಬರೀ ಕಂದು ಬಣ್ಣ. ಅದರ ಮೇಲೆ ಒತ್ತಿದರೆ, ‘ಬರಡು ನೆಲ, ಆದಾಯ ಕುರಿ ಸಾಕಣೆಯಿಂದ’ ಎಂಬ ಅರ್ಥದ ಇಂಗ್ಲಿಷ್ ಸಾಲು.

“ಬರಡು ನೆಲಾನಾ? ನಮ್ದಾ?” ಎಂದೆ.

“ಲೇ, ಇರೋದನ್ನೇ ಹಾಕಿದಾರೆ ಕಣೇ” ಎಂದು ಅವಳು ನಕ್ಕಳು.

“ನಿಮ್ಮ ಮಾಲೂರು ತೋರ್ಸು ನೋಡಣ.”

ಮಾಲೂರು ಆ ನಕ್ಷೆಯಲ್ಲೇ ಇರಲಿಲ್ಲ. ಆಮೇಲೆ ಅವಳಿಗೂ ಸಿಟ್ಟು ಬಂತು.

ಆ ಮಾಡ್ ಮಾಡುವವರಿಗೆ ಬರೆಯುವ ಜಾಗವೊಂದು ಇಂಟರ್‌ನೆಟ್ಟಿನಲ್ಲಿತ್ತು. ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದೆ: ನಮ್ಮದು ಬರಡು ನೆಲ ಅಲ್ಲ, ನಮ್ಮಲ್ಲಿ ಊರಿಗೊಂದು ಕೆರೆ ಇದೆ, ದೇವರಾಯಸಮುದ್ರದಂಥ ಹಳೆಯ ಕೆರೆಗಳಿವೆ, ಅವನ್ನೇಕೆ ಬಿಟ್ಟಿರಿ? ಉತ್ತರ ಬಂತು. ಬರೆದವನು ಯಾವುದೋ ಚಳಿ ದೇಶದವನು, ಆಟದ ಲೆಕ್ಕಾಚಾರ ಬರೆಯುವವನು, ಕೆರೆ ನೋಡಿದವನೇ ಅಲ್ಲ. ‘ಕೆರೆ ಹೇಗೆ ಕೆಲಸ ಮಾಡುತ್ತದೆ? ಅಳತೆ ಕೊಟ್ಟರೆ ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇವೆ’ ಎಂದು ಕೇಳಿದ್ದ.

ನಾನು ವಿವರಿಸಿದೆ. ಬೈರಕೂರು ಹೋಬಳಿಯಲ್ಲಿರುವ ನಮ್ಮೂರಿನ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ನೀರಿಗೆ ಏರಿ ಕಟ್ಟಿ ನಿಲ್ಲಿಸುತ್ತೇವೆ. ಏರಿಯ ತಳದಲ್ಲಿ ತೂಬು, ಗದ್ದೆಗೆ ನೀರು ಬಿಡಲು. ಏರಿಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯ ಮೇಲೆ ಹಾದು, ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮೂರ ಕೋಡಿ ಹರಿದರೆ ತುಂಬುವುದು ನಮ್ಮ ಚಿಕ್ಕಮ್ಮನ ಊರಿನ ಕೆರೆ. ಅಮ್ಮನ ತಂಗಿಯನ್ನು ಆ ಊರಿಗೇ ಕೊಟ್ಟಿರುವುದು. ಎರಡೂರಿಗೂ ನಡುವೆ ಒಂದು ಕಾಲುದಾರಿ, ಅದೂ ಏರಿಯ ಮೇಲೇ ಹೋಗುತ್ತದೆ.

ರಜೆಗೆ ಊರಿಗೆ ಹೋದಾಗ ಎರಡು ಕೆರೆಗಳನ್ನೂ ಅಳೆದೆವು. ಗಾರೆ ಕೆಲಸದವರಿಂದ ನೀರು ತುಂಬಿದ ಲೆವೆಲ್ ಟ್ಯೂಬನ್ನು ಕೇಳಿ ತಂದೆ. ಟೇಪಿನ ಇನ್ನೊಂದು ತುದಿ ಹಿಡಿದವರು ದೊಡ್ಡಪ್ಪನೇ. “ಕೆರೆ ಅಳೆಯೋದು ಸರ್ವೆಯೋರ ಕೆಲ್ಸ. ಇದೂ ಒಂದ್ ಓದಾ?” ಎಂದು ಗೊಣಗಿದರೂ ಬಿಸಿಲಿನಲ್ಲಿ ಅಲುಗಾಡದೆ ನಿಂತರು. ಏರಿಯ ಎತ್ತರ, ತೂಬಿನ ಆಳ, ಕೋಡಿಯ ಎತ್ತರ, ಎಲ್ಲ ಕಳಿಸಿದೆ.

ಇತಿಹಾಸದ ಮೇಡಂಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೊನೆಯ ಸೆಮಿಸ್ಟರಿಗೆ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. “ಸರಿ, ಇದನ್ನೇ ಮಾಡು. ಆದ್ರೆ ಒಂದು ಮಾತು. ಹೊರಗಿನಿಂದ ಪರೀಕ್ಷಕರು ಬರ್ತಾರೆ. ಅವರ ಮುಂದೆ ಆಟ ಓಡಿದ್ರೆ ಪ್ರಾಜೆಕ್ಟ್, ಓಡ್ಲಿಲ್ಲ ಅಂದ್ರೆ ಬರೀ ಆಟ” ಎಂದರು.

ಪ್ರಾಜೆಕ್ಟ್ ಬಿದ್ದರೆ ಡಿಗ್ರಿ ಬೀಳುತ್ತದೆ, ಮತ್ತೆ ಮುಂದಿನ ವರ್ಷ. ಮುಂದಿನ ವರ್ಷ ಎಂಬುದು ನನಗಿರಲಿಲ್ಲ. ಅಮ್ಮನಿಗೆ ಬೆನ್ನು ಬಗ್ಗಿಸಲು ಆಗುತ್ತಿರಲಿಲ್ಲ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವರು ಬೇಕಿತ್ತು. ಅಪ್ಪ ಫೋನಿನಲ್ಲಿ ಮೆಲ್ಲಗೇ ಹೇಳಿದ್ದರು: “ಈ ವರ್ಷ ಆಯ್ತಾ, ಸಂತೋಷ. ಆಗ್ಲಿಲ್ವಾ, ಸಾಕ್ಮಾಡು ಮಗಳೇ. ಬಂದ್ಬಿಡು.”

ಹೊಸ ಆವೃತ್ತಿ ಬಂದ ದಿನ ನಾವಿಬ್ಬರೂ ಕ್ಲಾಸಿಗೆ ಹೋಗಲಿಲ್ಲ. ಏನೇನು ಹೊಸದು ಎಂದು ಬರೆದಿದ್ದನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಮಳೆ ಈಗ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಹೆಬ್ಬಾಗಿಲಿನಲ್ಲಿ ಸುಂಕದ ಕಟ್ಟೆ ಇಡಬಹುದು. ಪಾಳೆಯಗಾರನಿಗೆ ಊರುಗಳನ್ನು ಒಪ್ಪಿಸಬಹುದು, ಅವನು ಕೊಡಬೇಕಾದ್ದನ್ನು ಕೊಡದೆ ಸತಾಯಿಸಬಹುದು. ಮೊದಲು ಇಡೀ ಸೀಮೆಗೆ ಒಂದೇ ಮನಸ್ಸಿತ್ತು, ಈಗ ಊರೂರಿಗೂ ಬೇರೆ ಬೇರೆ ಮನಸ್ಸು, ಅದನ್ನು ತೋರಿಸಲು ಊರಿಗೊಂದು ಪುಟ್ಟ ದೀಪ. ನೆಮ್ಮದಿಯಾಗಿದ್ದರೆ ಹಸಿರು, ಕೋಪ ಬಂದರೆ ಕೆಂಪು. ಎಲ್ಲಕ್ಕಿಂತ ಕೆಳಗೆ, ಕೆರೆ ಸಾಲು. ಮುಳಬಾಗಿಲ ಸುತ್ತಲ ಕಂದು ಬಣ್ಣದ ಮೇಲೆ ನೀಲಿ ಚುಕ್ಕೆಗಳು. ಅದರಲ್ಲೊಂದು ನಮ್ಮೂರಿನದು. ನಾನು ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

“ಒರೆಸ್ಬಿಟ್ಟೀಯ ಕಣೇ, ಆಡು” ಎಂದಳು ಗೆಳತಿ.

ಆಡಿದೆ. ಮೊದಲ ವರ್ಷ ಒಳ್ಳೆಯ ಮಳೆ, ಎಲ್ಲ ಹಸಿರು. ಮರುವರ್ಷ ನಮ್ಮೂರು ಹಸಿರಾಗಿಯೇ ಇತ್ತು, ಕೆಳಗಿನ ಚಿಕ್ಕಮ್ಮನ ಊರು ಕೆಂಪಾಯಿತು. ಇನ್ನೆರಡು ಸಲ ಗುಂಡಿ ಒತ್ತಿದೆ. ಆ ಊರಿನವರು ದಂಡು ಕಟ್ಟಿಕೊಂಡು ಬಂದು ಮುಳಬಾಗಿಲ ಹೆಬ್ಬಾಗಿಲಿಗೆ ಬೆಂಕಿ ಇಟ್ಟರು. ಆಟ ಮುಗಿಯಿತು.

ಏನೋ ತಪ್ಪು ಒತ್ತಿರಬೇಕೆಂದು ಮತ್ತೆ ಆಡಿದೆ. ಮತ್ತೆ ಬೆಂಕಿ. ಆ ಊರಿನ ಕಂದಾಯ ಇಳಿಸಿದೆ. ಬೆಂಕಿ. ಕಣಜ ತೆರೆದು ರಾಗಿ ಹಂಚಿಸಿದೆ. ತಿಂದುಕೊಂಡು ಬಂದು ಬೆಂಕಿ ಇಟ್ಟರು. ದೇವಸ್ಥಾನ ಕಟ್ಟಿಸಿದೆ, ಪಾಳೆಯಗಾರನನ್ನು ಬದಲಾಯಿಸಿದೆ. ಯಾಕೆ ಕೋಪ ಎಂದು ಆಟ ಹೇಳುತ್ತಿರಲಿಲ್ಲ, ‘ಜನ ಅತೃಪ್ತರು’ ಎಂದಷ್ಟೇ ಬರುತ್ತಿತ್ತು.

“ಸೈನ್ಯ ಕಳ್ಸು” ಎಂದಳು ಗೆಳತಿ.

ಕಳಿಸಿದೆ. ಸೈನ್ಯವೇ ಸೋತು ಬಂತು.

“ನಿನ್ನ ಚಿಕ್ಕಮ್ಮನ ಊರೋರು ಭಾರಿ ಖಡಕ್ಕು ಕಣೇ! ಹಂಪಿ ರಾಜನ್ನೇ ಕೇರ್ ಮಾಡ್ತಿಲ್ಲ.”

ನನಗೆ ನಗು ಬರಲಿಲ್ಲ. ತಮಿಳು ಸೀಮೆಯ, ರಾಯಲಸೀಮೆಯ ಕೆರೆಗಳನ್ನು ಬೇರೆ ಯಾರೋ ಕಳಿಸಿದ್ದರು, ಅವೆಲ್ಲ ಚೆನ್ನಾಗಿ ನಡೆಯುತ್ತಿದ್ದವು. ನಮ್ಮದೊಂದೇ ಹೀಗೆ. ಮೇಡಂ ಒಂದು ಸಲ ನೋಡಿ, “ಇದೇನಮ್ಮಾ, ಯಾವ ಇತಿಹಾಸದಲ್ಲಿದೆ ಇದು?” ಎಂದರು. “ಗೊತ್ತಾಗ್ತಿಲ್ಲ ಮೇಡಂ” ಎಂದೆ. ಆ ತಿಂಗಳು ನಾನು ಯಾರು ಏನು ಕೇಳಿದರೂ ಕೊಟ್ಟ ಉತ್ತರ ಅದೊಂದೇ.

ಅಷ್ಟರಲ್ಲಿ ಮನೆಯಲ್ಲಿ ಹುಳ ಹಣ್ಣಾಯಿತು. ಹಣ್ಣಾದ ಹುಳ ಕಾಯುವುದಿಲ್ಲ, ಆರಿಸಿ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು, ಗೂಡು ಕಟ್ಟಲು. ಗೆಳತಿಯ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದೆ. ಕೈಜೋಡಿಸಲು ಚಿಕ್ಕಮ್ಮನೂ ಬಂದಿದ್ದಳು. ಕೆಲಸ ಮುಗಿದ ಮಧ್ಯಾಹ್ನ ಜಗಲಿಯಲ್ಲಿ ಆಟ ತೆರೆದು ಕೂತೆ. ಅವಳು ಪಕ್ಕದಲ್ಲಿ ಬಂದು ಕೂತಳು.

“ಏಮ್ಮೇ, ಇದೇನಾ ನಮ್ಮೂರು? ನಮ್ಮನೆ ಎಲ್ಲಿ?”

“ಮನೆಯೆಲ್ಲಾ ಕಾಣಲ್ಲ ಚಿಕ್ಕಮ್ಮ.”

“ಕೆಂಪು ದೀಪ ಯಾಕೆ ಉರೀತೈತೆ?”

“ನಿಮ್ಮೂರೋರಿಗೆ ಕೋಪ.”

“ಯಾರ ಮೇಲೆ?”

“ಅದೇ ಗೊತ್ತಾಗ್ತಿಲ್ಲ.”

“ಗಂಗಮ್ಮನಿಗೆ ಪೂಜೆ ಮಾಡ್ಸಿದ್ಯಾ? ಮಾಡ್ಸಿಲ್ಲಾಂದ್ರೆ ಕೋಪ ಬರದೆ ಇನ್ನೇನು.”

ಹೊಸ ಆವೃತ್ತಿಯಲ್ಲಿ ಕೆರೆ ಪೂಜೆಯೂ ಇತ್ತು. ಅವಳ ಸಮಾಧಾನಕ್ಕೆ ಮಾಡಿಸಿದೆ. ಆ ಊರಿನವರು ಪ್ರಸಾದ ತೆಗೆದುಕೊಂಡು ಬಂದು ಹೆಬ್ಬಾಗಿಲು ಸುಟ್ಟರು. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. “ಅಯ್ಯೋ, ನಮ್ಮೂರ ಗಂಡಸ್ರು ಇಷ್ಟ್ ಧೈರ್ಯಸ್ತರು ಅಂತ ಗೊತ್ತೇ ಇರ್ಲಿಲ್ಲ ನಂಗೆ!”

ಫೋನಿಗೆ ಒಂದು ಸಂದೇಶ ಬಂತು. ಆಟ ಹೀಗೇಕೆಂದು ನಾನು ಕೇಳಿದ್ದಕ್ಕೆ ಆ ಚಳಿ ದೇಶದವನ ಉತ್ತರ. ‘ನಿನ್ನ ಮೇಲಿನ ಕೆರೆಯಿಂದ ನೀರು ಹೊರಗೆ ಹೋಗುತ್ತಲೇ ಇಲ್ಲ. ಕೋಡಿಯ ಎತ್ತರ ಹೆಚ್ಚುಕಡಿಮೆ ಏರಿಯಷ್ಟೇ ಇದೆ. ಬೇರೆ ಯಾರ ಕೆರೆಯಲ್ಲೂ ಹೀಗಿಲ್ಲ. ಅಳತೆ ಸರಿಯಾಗಿದೆಯಾ?’

ಸಿಟ್ಟು ಬಂತು. ಕೆರೆ ಕಾಣದವನು ನನ್ನ ಅಳತೆ ಕೇಳುತ್ತಾನೆ. ತೋರಿಸಿಬಿಡೋಣ ಎಂದು ಟೇಪು ತೆಗೆದುಕೊಂಡು ಹೊರಟೆ. ಊರಿಗೆ ಹೊರಟಿದ್ದ ಚಿಕ್ಕಮ್ಮ ಜೊತೆಗೇ ಬಂದಳು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ನಾನು ಚಿಕ್ಕವಳಿದ್ದಾಗಿನಿಂದ ಜಾಲಿ ಬೆಳೆದು ನಿಂತಿದ್ದ ಕೆರೆಯಲ್ಲಿ ಈಗ ನೀರು ತುಳುಕುತ್ತಿತ್ತು. ಕೋಡಿಯ ಹತ್ತಿರ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ನಿಂತಿದ್ದರು. ನಮ್ಮೂರ ಕೋಡಿಯ ಮೇಲೆ ಸಾಲಾಗಿ ಕಲ್ಲು ನಿಲ್ಲಿಸಿದ್ದಾರೆ, ಎಷ್ಟು ಕಾಲದ್ದೋ ತಿಳಿಯದು. ಆ ಕಲ್ಲುಗಳ ಸಂದಿಗೆ ದೊಡ್ಡಪ್ಪ ಹುಲ್ಲು ಸೇರಿಸಿದ ಕೆಸರು ಮೆತ್ತುತ್ತಿದ್ದರು.

ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾಗಿಲಿಗೆ ಅಗಳಿ ಇದ್ದಂತೆ, ಕೋಡಿಗೆ ಕಲ್ಲು ಮಣ್ಣು. ಒಣಗಿದ ವರ್ಷಗಳಲ್ಲಿ ಆ ಮಣ್ಣು ಕಲ್ಲಿಗಿಂತ ಗಟ್ಟಿಯಾಗಿ, ಮೇಲೆ ಗಿಡ ಬೆಳೆದು, ಹುಡುಗರು ಅದರ ಮೇಲೆ ಓಡಾಡುತ್ತಿದ್ದರು. ಟೇಪು ಬಿಚ್ಚಿ ಆ ಗೋಡೆಯ ನೆತ್ತಿಗೆ ಇಡಲು ಹೋದ ನನ್ನ ಕೈ ಅಲ್ಲೇ ನಿಂತಿತು. ಹಿಂದಿನ ಸಲವೂ ಇಲ್ಲೇ ಇಟ್ಟಿದ್ದೆ. ನಾನು ಅಳೆದಿದ್ದು ಕೋಡಿಯನ್ನಲ್ಲ, ಅದರ ಮೇಲೆ ನಮ್ಮೂರು ಮೆತ್ತಿದ ಮಣ್ಣನ್ನು. ಟೇಪಿನ ಇನ್ನೊಂದು ತುದಿ ಹಿಡಿದ ದೊಡ್ಡಪ್ಪನಿಗೂ ಅದು ತಪ್ಪೆಂದು ಕಾಣಿಸಿರಲಿಲ್ಲ. ನಮ್ಮೂರಿನಲ್ಲಿ ಯಾರಿಗೂ ಕಾಣಿಸುತ್ತಿರಲಿಲ್ಲ.

“ಭಾವ, ಮಳೆಗಾಲ ಇನ್ನೂ ಮುಗಿದಿಲ್ಲ, ಆಗ್ಲೇ ಮೆತ್ತೋಕೆ ಶುರು ಮಾಡ್ಬಿಟ್ರಾ?” ಎಂದಳು ಚಿಕ್ಕಮ್ಮ. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ಹೊಸದಾಗಿ ಮೆತ್ತೋದೇನಮ್ಮಾ, ಇದು ಇರೋದೇ ಹಿಂಗೆ. ನಮ್ಮಪ್ಪನ ಕಾಲದಿಂದ ಇದೇ ಎತ್ತರ.”

“ನಮ್ಮಾವ ಹೇಳೋರು, ಕಲ್ಲು ನಿಲ್ಸಿರೋದೇ ಸಂದಿಯಲ್ಲಿ ನೀರು ಹೋಗ್ಲಿ ಅಂತ. ಕಾರ್ತೀಕ ಕಳೆದ್ಮೇಲೆ ಮೆತ್ಕೊಳ್ಳಿ, ಯಾರು ಬೇಡ ಅಂತಾರೆ?”

“ನಿಮ್ಮಾವ ಹೇಳೋರು! ಕದ್ದು ಬಂದು ಕಿತ್ತು ಹಾಕೋರೂ ನಿಮ್ಮಾವನೇ ಅಲ್ವಾ?”

“ಚಾಲು ಚಾಲು, ಸಾಕು ಸುಮ್ನಿರಿ ಭಾವ. ಕಿತ್ತದ್ದಕ್ಕೇ ನಾವು ಅನ್ನ ತಿಂದಿದ್ದು.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. “ಓದಿರೋಳು ನೀನೇ ಹೇಳು. ಯಾವ್ದು ಸರಿ?” ಎಂದರು ದೊಡ್ಡಪ್ಪ.

ಆಟದ ಆ ಕೆಂಪು ದೀಪದ ಕೋಪ ಯಾರ ಮೇಲೆ ಎಂಬುದು ಆಗ ತಿಳಿಯಿತು. ಯಾವುದು ಸರಿ ಎಂಬುದು ಮಾತ್ರ ತಿಳಿಯಲಿಲ್ಲ.

ಕಲ್ಲಿನ ಬುಡದ ಎತ್ತರ ಒಂದು, ಮಣ್ಣಿನ ನೆತ್ತಿಯ ಎತ್ತರ ಇನ್ನೊಂದು, ಎರಡನ್ನೂ ಬರೆದು ಕಳಿಸಿದೆ. ಆ ಚಳಿ ದೇಶದವನು ಬುಡದ ಎತ್ತರವನ್ನು ಹಾಕಿ, ತಿದ್ದಿದ ಆಟ ಕಳಿಸಿದ. ಕೋಲಾರಕ್ಕೆ ವಾಪಸ್ ಬಂದು ಆಡಿದೆ. ಎಲ್ಲ ದೀಪವೂ ಹಸಿರು. ನೀರು ನಮ್ಮೂರಿಂದ ಚಿಕ್ಕಮ್ಮನ ಊರಿಗೆ, ಅಲ್ಲಿಂದ ಮುಂದಕ್ಕೆ. ಹೆಬ್ಬಾಗಿಲು ಗಟ್ಟಿಯಾಗಿ ನಿಂತಿತ್ತು.

“ಮುಗೀತಲ್ಲ. ಹೋಗು, ಪಾಸು” ಎಂದು ಗೆಳತಿ ನನ್ನ ಬೆನ್ನಿಗೆ ಗುದ್ದಿದಳು.

ನನಗೆ ಮಾತ್ರ ಗಲಿಬಿಲಿ ಇನ್ನೂ ಹೆಚ್ಚಾಯಿತು. ಇಂಥ ವರ್ಷಗಳ ಕತೆಯನ್ನು ನಮ್ಮ ಕಡೆ ಯಾರೂ ಹೇಳಿದ್ದಿಲ್ಲ. ಯಾರೂ ಮಣ್ಣು ಮೆತ್ತದ, ಯಾರೂ ಕೀಳದ, ಕೋಡಿಯ ಮೇಲೆ ನಿಂತು ಒಬ್ಬರೂ ಬೈದುಕೊಳ್ಳದ ಕೆರೆ ಯಾವ ಕಾಲದಲ್ಲಿತ್ತು? ಮೊದಲಿನ ಆಟ ಸುಟ್ಟು ಹೋಗುತ್ತಿತ್ತು, ಅದೂ ಸುಳ್ಳು, ನಮ್ಮ ಎರಡು ಊರುಗಳೂ ಇನ್ನೂ ಬದುಕಿವೆ. ಇದು ಸುಮ್ಮನೆ ನಡೆಯುತ್ತದೆ, ಇದೂ ಸುಳ್ಳು. ಆದರೆ ಓಡುವುದು ಇದೇ. ಮೇಡಂಗೆ ಹೇಳಿದೆ. “ಓಡೋದನ್ನ ತೋರ್ಸು, ಬಾಯಿ ಮುಚ್ಕೊಂಡು ಬಾ” ಎಂದರು. ಪ್ರೀತಿಯಿಂದಲೇ ಹೇಳಿದ್ದು.

ಪರೀಕ್ಷಕರು ವಯಸ್ಸಾದವರು. ತಿದ್ದಿದ ಆಟವನ್ನು ತೋರಿಸಿದೆ. ಅವರು ಒಂದೆರಡು ಸಲ ತಲೆಯಾಡಿಸಿದರು, ಆಕಳಿಸಿದರು. ಮೇಡಂ ಮುಖದಲ್ಲಿ ನೆಮ್ಮದಿ ಕಂಡಿತು. ಎದ್ದು ಬಂದಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಪರೀಕ್ಷಕರು ಕೇಳಿದರು: “ಈ ಕೋಡಿಯ ಎತ್ತರ, ಇದು ನೀವೇ ಹೋಗಿ ಅಳೆದದ್ದಾ?”

ಹೌದು ಎಂದರೆ ಅದು ನಿಜವೇ. ಆದರೂ ಬಾಯಿಗೆ ಬಂದದ್ದು ಬೇರೆ. “ಮೊದಲು ಅಳೆದದ್ದು ಬೇರೆ ಸರ್. ಅದು ಇನ್ನೊಂದು ಆಟದಲ್ಲಿದೆ.”

“ತೋರಿಸಿ.”

ತೋರಿಸಿದೆ. ಕೆಂಪು ದೀಪ, ದಂಡು, ಬೆಂಕಿ. ಮೇಡಂ ಕಿಟಕಿಯ ಕಡೆ ನೋಡತೊಡಗಿದರು. ಪರೀಕ್ಷಕರು ಮುಂದಕ್ಕೆ ಬಾಗಿದರು. “ಹಾಗಾದ್ರೆ ನಿಜವಾದ ಎತ್ತರ ಯಾವುದು?”

“ಗೊತ್ತಿಲ್ಲ ಸರ್” ಎಂದೆ. ಮಾತು ಅಲ್ಲಿಗೇ ನಿಂತರೆ ನಾನೂ ನಿಂತುಹೋಗುತ್ತೇನೆ ಎನಿಸಿತು. “ನಮ್ಮ ದೊಡ್ಡಪ್ಪನ್ನ ಕೇಳಿದ್ರೆ ಒಂದು, ಕೆಳಗಿನೂರಲ್ಲಿ ಚಿಕ್ಕಮ್ಮನ್ನ ಕೇಳಿದ್ರೆ ಇನ್ನೊಂದು. ಕೆರೆಯ ಶಾಸನದಲ್ಲಿ ಕಟ್ಟಿಸಿದವರ ಹೆಸರಿದೆ ಸರ್, ಎತ್ತರ ಇಲ್ಲ. ಒಂದೇ ಎತ್ತರ ಕೇಳೋದು ಆಟ. ನಮ್ಮಲ್ಲಿ ಅದು ತಿಂಗಳಿಗೊಂದು, ಜಗಳಕ್ಕೊಂದು ಬದಲಾಗ್ತದೆ. ಯಾವುದನ್ನ ಇತಿಹಾಸ ಅಂತ ಬರೀಬೇಕೋ ನನಗೆ ತಿಳೀಲಿಲ್ಲ.”

ಅವರು ಮೌಸನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಆಡಿದರು. ಕಂದಾಯ ಇಳಿಸಿದರು, ರಾಗಿ ಹಂಚಿದರು, ನಾನು ಮಾಡಿದ್ದನ್ನೇ ಎಲ್ಲ ಮಾಡಿದರು. ಹೆಬ್ಬಾಗಿಲು ಹೊತ್ತಿಕೊಂಡಿತು. “ಇದೇನಿದು!” ಎಂದು ತಮ್ಮಷ್ಟಕ್ಕೇ ಗೊಣಗಿ, ಕಾಗದದಲ್ಲಿ ಏನೋ ಬರೆದು, “ಹೋಗಮ್ಮಾ” ಎಂದರು.

ಹೊರಗೆ ಗೆಳತಿ ಕಾಯುತ್ತಿದ್ದಳು. “ಏನಂದ್ರು?”

“ಏನೂ ಅನ್ನಲಿಲ್ಲ.”

“ಪಾಸಾ, ಫೇಲಾ?”

“ಗೊತ್ತಿಲ್ಲ ಕಣೇ.”

“ನಿಂಗೇನ್ ಗೊತ್ತಿದೆ ಹೇಳು ಮಾರಾಯ್ತಿ!”

ಫಲಿತಾಂಶ ಬರುವವರೆಗೂ ಊರಿನಲ್ಲಿ ಸೊಪ್ಪು ಕೊಯ್ದೆ. ಇದು ಕೊನೆಯ ಕೆಲಸವೋ, ಮುಂದೆಲ್ಲ ಇದೇ ಕೆಲಸವೋ ತಿಳಿಯದೆ ಕೊಯ್ದೆ. ಕೊನೆಗೊಂದು ಬೆಳಿಗ್ಗೆ ಗೆಳತಿಯ ಫೋನು ಬಂತು. ಕಿರುಚಾಟದಲ್ಲಿ ಮೊದಲು ಏನೂ ಅರ್ಥವಾಗಲಿಲ್ಲ. ಪ್ರಥಮ ದರ್ಜೆ. ಪ್ರಾಜೆಕ್ಟಿಗೆ ಇಡೀ ತರಗತಿಯಲ್ಲೇ ಹೆಚ್ಚು ಅಂಕ. ಯಾಕೆ ಕೊಟ್ಟರೋ, ಆ ಪರೀಕ್ಷಕರನ್ನು ಕೇಳುವ ಅವಕಾಶ ನನಗೆ ಸಿಗಲಿಲ್ಲ. ದೊಡ್ಡಪ್ಪ ಸುದ್ದಿ ಕೇಳಿ ಸೊಪ್ಪಿನ ಹೊರೆ ಕಟ್ಟುತ್ತಲೇ, “ಸರಿ ಮತ್ತೆ” ಎಂದರು. ಆಮೇಲೆ ಊರೆಲ್ಲ ತಿರುಗಿ ಹೇಳಿಕೊಂಡು ಬಂದರಂತೆ.

ಮಾಡಿನ ಇನ್ನೊಂದು ಆವೃತ್ತಿಯೂ ಬಂತು. ಅದರಲ್ಲಿ ಕೋಡಿಯ ಮೇಲೆ ಒತ್ತಿದರೆ ಎರಡು ಆಯ್ಕೆ ಬರುತ್ತವೆ: ಸಂದಿ ಮೆತ್ತು, ಸಂದಿ ಬಿಡು. ಯಾವ ತಿಂಗಳಲ್ಲಿ ಎಂದು ಆಡುವವರೇ ತೀರ್ಮಾನಿಸಬೇಕು. ನಾನು ಈಗಲೂ ಅಲ್ಲಿಗೆ ಬಂದಾಗ ಗುಂಡಿ ಒತ್ತದೆ ಸುಮಾರು ಹೊತ್ತು ಕೂತಿರುತ್ತೇನೆ.

ಪದವಿ ಪ್ರಮಾಣಪತ್ರ ತರಲು ಕೋಲಾರಕ್ಕೆ ಹೊರಟ ದಿನ ಅಪ್ಪ ಅಮ್ಮನಿಗೆ ಬಿಡುವಿರಲಿಲ್ಲ, ಮನೆಯಲ್ಲಿ ಹುಳ ಜ್ವರ ಎದ್ದು, ಅಂದರೆ ಪೊರೆ ಕಳಚಿ, ಸೊಪ್ಪಿಗೆ ಬಾಯಿ ಬಿಡುತ್ತಿತ್ತು. ಜೊತೆಗೆ ಬಂದವಳು ಚಿಕ್ಕಮ್ಮ. ಕಾಲೇಜಿನ ಕಚೇರಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ನಾನು ಅದನ್ನು ಹಾಗೆಯೇ ಅವಳ ಕೈಗಿಟ್ಟೆ. ಅವಳು ಅಕ್ಷರಗಳ ಮೇಲೆ ಕಣ್ಣಾಡಿಸಿ, ನನ್ನ ಹೆಸರು ಸಿಕ್ಕಿದ ಕಡೆ ನಿಂತು, ಮಡಿಕೆ ಬೀಳದಂತೆ ಎದೆಗೆ ಒತ್ತಿಕೊಂಡಳು. ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಾ ನಾನು ಕೈ ಚಾಚಿದರೂ ಕೊಡಲಿಲ್ಲ.

“ಮೊದ್ಲು ನಮ್ಮೂರಲ್ಲಿ ಇಳಿ. ನಮ್ಮೋರೆಲ್ಲ ನೋಡ್ಲಿ, ಆಮೇಲೆ ನಿಮ್ಮೂರಿಗೆ ತಗೊಂಡೋಗು. ನೀರು ಹೆಂಗೂ ನಿಮಗೇ ಮೊದ್ಲು ಕಣೇ, ಇದಾದ್ರೂ ನಮಗೆ ಮೊದ್ಲು ಬರ್ಲಿ.”